ನಮ್ಮಜ್ಜಿ ತಿಂದ ಸೊಪ್ಪು, ತಾವು ಬರೆದ ಗಾಂಜಾ

ಮಾದಕವಸ್ತು ಬಳಕೆ ಸಮೀಕ್ಷೆಯ ಜಿಲ್ಲಾ ಅಂದಾಜು ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ನಮ್ಮಜ್ಜಿಯನ್ನು ಗಾಂಜಾ ಸೇವಿಸುವವಳೆಂದು ದೇಶದ ಲೆಕ್ಕಕ್ಕೆ ಸೇರಿಸಿದ್ದೀರಿ. ಅದೂ ಎಂದೋ ಒಮ್ಮೆ ರುಚಿ ನೋಡಿದವಳೆಂದು ಸೇರಿಸಿದ್ದರೆ ಹೋಗಲಿ ಅನ್ನಬಹುದಿತ್ತು. ‘ದೈನಂದಿನ ತೀವ್ರ ಬಳಕೆದಾರರು’ ಎಂಬ, ತಮ್ಮ ವರದಿಯ ಅತಿ ಎತ್ತರದ ಕಂಬದ ತುದಿಗೆ ಏರಿಸಿ ಕೂರಿಸಿದ್ದೀರಿ. ಎಪ್ಪತ್ತು ದಾಟಿದ, ಹಣೆತುಂಬ ವಿಭೂತಿ ಬಳಿಯುವ, ಕಾಫಿ ಜಾಸ್ತಿಯಾದರೆ ತಲೆ ತಿರುಗುತ್ತದೆಂದು ಅರ್ಧ ಲೋಟಕ್ಕೇ ಸಾಕು ಅನ್ನುವ ಸರ್ವಮಂಗಳಮ್ಮ, ಅಮೃತೂರು ಹೋಬಳಿ, ಕುಣಿಗಲ್ ತಾಲ್ಲೂಕು. ಈ ಪತ್ರವನ್ನು ನಾನು ನ್ಯಾಯಕ್ಕಾಗಿ ಬರೆಯುತ್ತಿದ್ದೇನೆಂದು ತಾವು ದಯವಿಟ್ಟು ತಪ್ಪು ತಿಳಿಯಬಾರದು. ಸೇಡಿಗಾಗಿ ಬರೆಯುತ್ತಿದ್ದೇನೆ. ಅರ್ಧ ತೀರಿಸಿಕೊಂಡೂ ಆಗಿದೆ. ಆ ಸುದ್ದಿಗೆ ಆಮೇಲೆ ಬರುತ್ತೇನೆ, ತಾವು ಕುರ್ಚಿಯಲ್ಲಿ ಭದ್ರವಾಗಿ ಕುಳಿತುಕೊಳ್ಳಿ.

ಮೊದಲು ತಮ್ಮ ಕಡೆಯ ಘನಕಾರ್ಯ. ಹೋದ ಆಷಾಢದಲ್ಲಿ ತಮ್ಮ ಕಡೆಯವರು ನಮ್ಮೂರಿಗೆ ಬಂದು, ಆಯ್ಕೆಯಾದ ಮನೆಗಳ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಉತ್ತರಗಳೆಲ್ಲ ಪರಮ ಗೋಪ್ಯ ಎಂದು ಸಾರಿದರು. ಬಾಗಿಲ ಮೇಲೆ ಅಂಗೈಯಗಲ ನಂಬರು, ಒಳಗೆ ಪರಮ ಗೋಪ್ಯ! ನಮ್ಮ ಮನೆಗೆ ಬಂದವಳು ಮಧುಶ್ರೀ ಎಂಬ ಹುಡುಗಿ, ಗುತ್ತಿಗೆ ಮೇಲೆ ದುಡಿಯುವವಳು, ಕೈಯಲ್ಲಿ ಟ್ಯಾಬು. ಆಕೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಟ್ಯಾಬಿನಲ್ಲಿ ತಾವು ತುಂಬಿ ಕಳಿಸಿದ್ದ ಪ್ರಶ್ನೆ ಹೀಗಿತ್ತು: ‘ಕಳೆದ ಮೂವತ್ತು ದಿನಗಳಲ್ಲಿ ತಾವು ಎಷ್ಟು ದಿನ ಕ್ಯಾನಬಿಸ್ ಮೂಲದ ಉತ್ಪನ್ನಗಳ ಸೇವನೆಗೆ ಒಳಪಟ್ಟಿದ್ದೀರಿ?’ ಇದನ್ನು ಕನ್ನಡವೆಂದು ಒಪ್ಪಿ ಸಹಿ ಹಾಕಿದ ಮಹನೀಯರು ಯಾರೆಂದು ತಿಳಿದರೆ ಅವರ ಮನೆಯ ವಿಳಾಸವನ್ನೂ ಹುಡುಕುತ್ತೇನೆ. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದಿದ್ದರೆ ಸ್ಥಳೀಯ ಪದ ಬಳಸಿ ಎಂದು ತಮ್ಮ ತರಬೇತಿ. ತಾವೇ ಕೊಟ್ಟ ಸ್ಥಳೀಯ ಪದಗಳು ಮೂರು: ಗಾಂಜಾ, ಭಂಗಿ, ಸೊಪ್ಪು.

ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡು, ಆಗತಾನೇ ಪೂಜೆ ಮುಗಿಸಿ ಕೂತ ಮುದುಕಿಯ ಮುಖ ನೋಡಿಕೊಂಡು ‘ಗಾಂಜಾ ಹೊಡೀತೀರಾ ಅಜ್ಜಿ’ ಅನ್ನೋಕೆ ಯಾರ ಮನೆಯ ಹೆಣ್ಣುಮಗಳಿಗೆ ಬಾಯಿ ಬರುತ್ತದೆ, ತಾವೇ ಹೇಳಿ. ಪಾಪ, ಮೂರರಲ್ಲಿ ಮರ್ಯಾದಸ್ಥ ಪದವನ್ನು ಹುಡುಕಿ ಆರಿಸಿಕೊಂಡಳು. ತುಮಕೂರಿನ ಹಾಸ್ಟೆಲ್ಲುಗಳ ಹಿಂದೆ ಹುಡುಗರು “ಸೊಪ್ಪೈತಾ ಮಗಾ” ಅಂದರೆ ಅದು ಏನೆಂದು ನನಗೂ ಗೊತ್ತು, ತಮಗೂ ಗೊತ್ತು. ಆದರೆ ಅಮೃತೂರು ಹೋಬಳಿಯಲ್ಲಿ ಸೊಪ್ಪು ಎಂದರೆ ಸೊಪ್ಪು, ಸ್ವಾಮಿ. ದಂಟು, ಕೀರೆ, ಸಬ್ಬಸಿಗೆ, ಹೊನಗೊನೆ. ಬೇಯಿಸಿ ಬಸಿದರೆ ಬಸ್ಸಾರು, ಮಸೆದರೆ ಮಸ್ಸೊಪ್ಪು. ಮುಂದೆ ನಡೆದ ಮಾತುಕತೆಯನ್ನು ಅಜ್ಜಿ ಅಂದೇ ಸಂಜೆ ಕೇರಿಗೆಲ್ಲ ಹೇಳಿ, ಸರ್ಕಾರದವರು ನನ್ನ ಊಟ ವಿಚಾರಿಸಿಕೊಂಡು ಹೋದರು ಅಂತ ಬೀಗಿದ್ದಳು. ಆಮೇಲೆ ನಾನು ಮಧುಶ್ರೀಗೆ ಫೋನು ಮಾಡಿ ಒಂದೊಂದು ಮಾತನ್ನೂ ತಾಳೆ ನೋಡಿದ್ದೇನೆ. ತಾವೂ ಕೇಳಿಸಿಕೊಳ್ಳಿ.

“ಅಜ್ಜಿ, ನೀವು ಸೊಪ್ಪು ಬಳಸ್ತೀರಾ?”

“ಬಳಸ್ದೆ? ದಿನಾ ಅದೇ ಕಣವ್ವ ನಮ್ದು.”

“ದಿನಾ ಅಂದ್ರೆ, ತಿಂಗಳಲ್ಲಿ ಎಷ್ಟು ದಿನ?”

“ದಿನಾ ಅಂದ್ಮೇಲೆ ದಿನಾನೇ ಅಲ್ವಾ ಮಗಾ? ಎರಡು ಹೊತ್ತೂವೆ.”

“ಸೇದ್ತೀರೋ, ತಿಂತೀರೋ, ಕುಡೀತೀರೋ?”

“ಸೇದಕ್ಕೇನು ಅದು ಬೀಡಿಯಾ? ಬೇಯ್ಸಿ ಬಸ್ದು, ಸೊಪ್ಪು ತಿಂತೀವಿ, ಬಸ್ದಿದ್ ನೀರು ಕುಡೀತೀವಿ. ಮೈಗೆ ತಂಪು. ಚೆಂದಾಗಿ ನಿದ್ದೆ ಬತ್ತದೆ.”

“ಯಾವ ವಯಸ್ಸಿಂದ ಶುರು ಮಾಡಿದ್ರಿ?”

“ಹಲ್ಲು ಬಂದಾಗ್ಲಿಂದ. ನಮ್ಮವ್ವ ಕಿವುಚಿ ಬಾಯಿಗಿಡೋಳು.”

“ಎಲ್ಲಿಂದ ತರ್ತೀರಾ?”

“ತರದ್ಯಾಕೆ, ಹಿತ್ಲಲ್ಲೇ ಬೆಳಿತೀನಿ. ಕೇರಿಯೋರ್ಗೂ ಕೊಡ್ತೀನಿ. ಸೋಮ್ವಾರ ಸೋಮ್ವಾರ ಮಠಕ್ಕೆ ಒಂದು ಬುಟ್ಟಿ.”

“ಬಿಡಬೇಕು ಅಂತ ಯಾವಾಗ್ಲಾದ್ರೂ ಪ್ರಯತ್ನಪಟ್ಟಿದ್ದೀರಾ?”

“ಕಿಡ್ನಿಲಿ ಕಲ್ಲದೆ, ಒಸಿ ಕಮ್ಮಿ ಮಾಡಜ್ಜಿ ಅಂದ್ರು ಡಾಕ್ಟ್ರು. ಎರಡು ದಿನ ಬುಟ್ಟೆ. ಮುದ್ದೇನೇ ಇಳೀಲಿಲ್ಲ, ಕೈಕಾಲೆಲ್ಲ ಬಿದ್ದೋದಂಗಾಯ್ತು. ಬುಡಕ್ಕಾಗಲ್ಲ ಕಣ್ ಮಗಾ.”

ಉತ್ತರ ಏನೇ ಬರಲಿ, ಮುಖದಲ್ಲಿ ಭಾವ ತೋರಿಸಕೂಡದು ಎಂಬುದೂ ತಮ್ಮ ತರಬೇತಿಯ ಭಾಗವಂತೆ. ಮಠಕ್ಕೆ ಒಂದು ಬುಟ್ಟಿ ಎಂದಾಗ ಟ್ಯಾಬು ಕೈಯಿಂದ ಜಾರಿತ್ತಂತೆ, ಆದರೂ ಮುಖದಲ್ಲಿ ಭಾವ ತೋರಲಿಲ್ಲವಂತೆ. ಕೊನೆಗೆ ಪ್ರಮಾಣ ಕೇಳಿದ್ದಕ್ಕೆ ಅಜ್ಜಿ “ದಿನಕ್ಕೆ ಎರಡು ಕಟ್ಟು” ಎಂದಳು. ಟ್ಯಾಬಿಗೆ ಕಟ್ಟು ಗೊತ್ತಿಲ್ಲ, ಗ್ರಾಂ ಬೇಕು. ಮಧುಶ್ರೀ ಅಂದಾಜಿನಲ್ಲಿ ಒಂದು ಸಂಖ್ಯೆ ಒತ್ತಿದಳು. ಆ ಸಂಖ್ಯೆ ತಮ್ಮ ಮೇಜಿಗೆ ಬಂತು.

ಇಲ್ಲಿಂದ ಮುಂದಿನದಕ್ಕೆ ತಾವೊಬ್ಬರೇ ಹೊಣೆ. ನಾನು ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರವನ್ನು ಎರಡು ಸಲ ಬರೆದು ಪಾಸಾದವನು, ಅಂದರೆ ತಮ್ಮ ಶಾಸ್ತ್ರವನ್ನು ಎಲ್ಲರಿಗಿಂತ ಒಂದು ಸಲ ಹೆಚ್ಚು ಓದಿದವನು. ದೇಶದ ಪ್ರತಿಯೊಬ್ಬರನ್ನೂ ಕೇಳಲಾಗುವುದಿಲ್ಲ, ಕೆಲವರನ್ನು ಆರಿಸಿ ಕೇಳುತ್ತೀರಿ, ಆರಿಸಿದ ಒಬ್ಬೊಬ್ಬರೂ ತಮ್ಮಂಥ ಸಾವಿರಾರು ಜನರ ಪರವಾಗಿ ಉತ್ತರಿಸಿದಂತೆ ಎಂದು ತೂಕ ಕೊಡುತ್ತೀರಿ. ಸರಿಯಾದ ಪದ್ಧತಿಯೇ. ಆದರೆ ಅದರ ಅರ್ಥ ಏನಾಯಿತು? ನಮ್ಮ ಒಬ್ಬಳು ಅಜ್ಜಿ ತಮ್ಮ ಕೋಣೆಯ ಒಂದು ಬಾಗಿಲಲ್ಲಿ ಒಳಗೆ ಹೋಗಿ, ಇನ್ನೊಂದು ಬಾಗಿಲಲ್ಲಿ ಅಜ್ಜಿಯರ ಸೈನ್ಯವಾಗಿ ಹೊರಗೆ ಬಂದಳು. ಬಾಯಲ್ಲಿ ಹಲ್ಲಿಲ್ಲದ ಸಾವಿರಾರು ಮುದುಕಿಯರು, ದಿನಕ್ಕೆರಡು ಸಲ, ಕಟ್ಟುಗಟ್ಟಲೆ ಗಾಂಜಾ! ಅಷ್ಟು ತಿಂದರೆ ಆನೆಯೂ ವಾರ ಮಲಗುತ್ತದೆ, ಈಕೆ ಬೆಳಿಗ್ಗೆ ಎದ್ದು ಹಿತ್ತಲು ಅಗೆಯುತ್ತಾಳಲ್ಲ ಎಂಬ ಅನುಮಾನ ತಮಗೆ ಒಂದು ಕ್ಷಣವೂ ಬರಲಿಲ್ಲವೇ? ಎಲ್ಲರಿಂದ ದೂರ ನಿಂತ ಸಂಖ್ಯೆ ಕಂಡರೆ ಮೊದಲು ಅದನ್ನು ಪರೀಕ್ಷಿಸು ಎಂದು ನಮ್ಮ ಮೇಷ್ಟ್ರು ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ದರು. ಆ ವರ್ಷ ನಾನೇ ಫೇಲಾಗಿದ್ದೆ, ನನಗೇ ನೆನಪಿದೆ. ತಾವು ಪರೀಕ್ಷಿಸಲಿಲ್ಲ. ತಾವು ಸಂಭ್ರಮಿಸಿದಿರಿ. ‘ಗ್ರಾಮೀಣ ವೃದ್ಧೆಯರಲ್ಲಿ ಹೊಸ ಪ್ರವೃತ್ತಿ’ ಎಂದು ಒಂದು ಅಧ್ಯಾಯ. ‘ಸೇದುವಿಕೆಯಿಂದ ತಿನ್ನುವಿಕೆಯತ್ತ ಪಲ್ಲಟ’ ಎಂದು ಇನ್ನೊಂದು. ಮಠದ ಬುಟ್ಟಿಯಂತೂ ತಮ್ಮ ಕೈಯಲ್ಲಿ ‘ಧಾರ್ಮಿಕ ಕೇಂದ್ರದ ಮೂಲಕ ವಿತರಣೆ’ ಆಗಿಬಿಟ್ಟಿತು. ಸೆಮಿನಾರಿನಲ್ಲಿ ಶಾಲು ಹೊದಿಸಿಕೊಂಡು, ಪೇಟ ಸರಿಮಾಡಿಕೊಂಡು, ಪತ್ರಿಕೆಗೆ ಸಂದರ್ಶನ ಕೊಟ್ಟಿರಿ.

ಇನ್ನೊಂದು ಸಂಗತಿ ಹೇಳುತ್ತೇನೆ, ತಮ್ಮ ನಿದ್ದೆ ಕೆಡಿಸುವುದಕ್ಕೆ. ನಮ್ಮೂರಲ್ಲೇ, ಕೆಂಪು ನಂಬರು ಬಿದ್ದ ಇನ್ನೊಂದು ಮನೆಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನು ನಿಜವಾಗಿಯೂ ಸೇದುತ್ತಾನೆ. ಕೆಲಸ ಬಿಟ್ಟಿದ್ದಾನೆ, ಕಣ್ಣು ಕೆಂಪಾಗಿಯೇ ಇರುತ್ತದೆ, ಅವನ ತಾಯಿ ಕಂಡ ಕಂಡವರ ಹತ್ತಿರ ಅಳುತ್ತಾಳೆ. ಹೆಸರು ಹೇಳುವುದಿಲ್ಲ; ಗೋಪ್ಯ ಎಂದರೆ ನಮ್ಮ ಕಡೆ ಗೋಪ್ಯವೇ. ಅವನನ್ನು ಕೇಳಿದಾಗ ಏನೆಂದನೆಂದು ಅವನ ಬಾಯಿಂದಲೇ ಕೇಳಿದ್ದೇನೆ: “ಛೇ ಛೇ, ಒಂದು ಸಲಾನೂ ಇಲ್ಲ ಮೇಡಂ.” ಟ್ಯಾಬಿನಲ್ಲಿ ಸೊನ್ನೆ. ಸೇದುವವನು ಇಲ್ಲ ಅಂದ, ಸೇದದವಳು ಹೌದು ಅಂದಳು, ಎರಡನ್ನೂ ಕೂಡಿ ಗುಣಿಸಿ ತಾವು ಸತ್ಯ ಅಂದಿರಿ. ವರದಿ ಬಂದ ಮೇಲೆ ವ್ಯಸನಮುಕ್ತಿ ಶಿಬಿರದ ವ್ಯಾನು ನಮ್ಮೂರಿಗೂ ಬಂತು. ಅರವತ್ತು ದಾಟಿದ ಹೆಂಗಸರಿಗೆ ಮಾತ್ರ! ಆ ತಾಯಿ ಮಗನ ಕೈ ಹಿಡಿದು ಎಳೆದುಕೊಂಡು ಬಂದರೆ, “ನಿಮ್ಮ ಮಗನ ವಯೋಮಾನ ಟಾರ್ಗೆಟ್‌ನಲ್ಲಿ ಇಲ್ಲಮ್ಮ” ಎಂದು ವಾಪಸು ಕಳಿಸಿದರು.

ಇನ್ನು ನಮ್ಮ ಮನೆಗೆ ಬಂದದ್ದು. ತಮ್ಮ ವರದಿಯಲ್ಲಿ ಊರಿನ ಹೆಸರಿರಲಿಲ್ಲ, ಒಪ್ಪಿದೆ. ‘ಅಮೃತೂರು ಹೋಬಳಿ, ಮಠಕ್ಕೆ ಪೂರೈಸುವ ವೃದ್ಧೆ’ ಎಂದಷ್ಟೇ ಇತ್ತು. ಉಳಿದದ್ದನ್ನು ನಮ್ಮ ಬಾಗಿಲ ಮೇಲಿನ ಕೆಂಪು ನಂಬರು ಹೇಳಿತು. ಜೀಪು ಬಂತು. ಇಳಿದವರಲ್ಲಿ ಒಬ್ಬರಿಗೂ ದಂಟಿಗೂ ಕೀರೆಗೂ ವ್ಯತ್ಯಾಸ ಗೊತ್ತಿರಲಿಲ್ಲ, ಆದರೆ ಪುಂಡಿ ಗಿಡ ಕಣ್ಣಿಗೆ ಬಿತ್ತು. ಪುಂಡಿಯ ಎಲೆ ಬೆರಳು ಬಿಡಿಸಿದ ಕೈಯಂತಿರುತ್ತದೆ, ಗಾಂಜಾ ಎಲೆಯ ಹಾಗೇ. ಸಾಕಲ್ಲ! “ಸಿಕ್ತು ಸಾರ್” ಎಂದು ಒಬ್ಬ ಕೂಗಿದ. ಅಜ್ಜಿ ಒಂದು ಎಲೆ ಕಿತ್ತು ಅವನ ಬಾಯಿಗೇ ಹಿಡಿದಳು, “ಹುಳಿ ಅದೆ, ಅಗ್ದು ನೋಡಪ್ಪ” ಅಂದಳು. ಅವನು ಹೆದರಿ ಹಿಂದಕ್ಕೆ ಹಾರಿದ. ಹಿತ್ತಲನ್ನು ಬುಡಸಮೇತ ಕಿತ್ತು, ಗೋಣಿಚೀಲಕ್ಕೆ ತುಂಬಿ, ಮುದ್ರೆ ಹಾಕಿ ಒಯ್ದರು. ಪರೀಕ್ಷೆಯಲ್ಲಿ ಪುಂಡಿ ಪುಂಡಿಯೆಂದೇ ತಿಳಿದಿರಬೇಕು, ಏಕೆಂದರೆ ಮತ್ತೆ ಯಾರೂ ಬರಲಿಲ್ಲ. ಬಂದು ಹೇಳಲೂ ಇಲ್ಲ.

ಹಿತ್ತಲು ಹೋದದ್ದಕ್ಕೆ ಅಜ್ಜಿ ಅಳಲಿಲ್ಲ. ಪಕ್ಕದ ಹೊಲದವರ ಹತ್ತಿರ ಕೇಳಿ, ಬದುವಿನ ಮೇಲಿನ ಬೆರಕೆ ಸೊಪ್ಪನ್ನು ತಾನೇ ಬಗ್ಗಿ ಕುಯ್ದು, ಸೋಮವಾರ ಎಂದಿನಂತೆ ಬುಟ್ಟಿ ತುಂಬಿದಳು. ಮಠದ ದಾಸೋಹಕ್ಕೆ ಆ ಬುಟ್ಟಿ ಹೋಗುವುದು ನಾನು ಹುಟ್ಟುವುದಕ್ಕೆ ಮುಂಚಿನ ನೇಮ. ಅವತ್ತು ಅಜ್ಜಿಯ ಹಿಂದೆ ಹೊತ್ತುಕೊಂಡು ಹೋದವನು ನಾನು, ಆದ್ದರಿಂದ ಇದಕ್ಕೆ ಯಾರನ್ನೂ ಕೇಳಿ ತಾಳೆ ನೋಡಬೇಕಾಗಿಲ್ಲ. ದಾಸೋಹದ ಅಡುಗೆಮನೆ ನೋಡಿಕೊಳ್ಳುವ ಚನ್ನಬಸವಯ್ಯನವರು ಬಾಗಿಲಲ್ಲೇ ತಡೆದರು. ಒಳ್ಳೆಯ ಮನುಷ್ಯರು, ಮುಖ ಎತ್ತಿ ನೋಡಲಾರದೆ ಹೆಗಲ ವಲ್ಲಿ ಹಿಂಡುತ್ತಿದ್ದರು.

“ನಂಗೊತ್ತಿಲ್ವಾ ತಾಯಿ ನಿಮ್ ಸೊಪ್ಪು? ಈ ಕೈಲೇ ಬೇಯ್ಸಿಲ್ವಾ? ಆದ್ರೆ ಪೇಪರ್ನಾಗೆ ಬಂದ್ಬುಟ್ಟದೆ. ಓದೋ ಮಕ್ಕಳು ಉಣ್ಣೋ ಜಾಗ. ನಾಳೆ ಜೀಪು ಇಲ್ಗೂ ಬಂದ್ರೆ ನಾವೇನು ಹೇಳನ? ಒಸಿ ದಿನ ಬ್ಯಾಡ.”

“ಅಯ್ನೋರೆ, ಒಂದು ಕಟ್ಟು ಕೊತ್ಮೀರಿನಾದ್ರೂ ಇಟ್ಕಳಿ. ಬರಿಗೈಲಿ ಹೆಂಗೋಗ್ಲಿ?”

“ಅದೂವೇ ಬ್ಯಾಡ ತಾಯಿ.”

ವಾಪಸು ಮನೆ ಹತ್ತಿರ ಬಂದಾಗ ಅಜ್ಜಿ ಒಂದೇ ಕೇಳಿದಳು: “ಆ ಹುಡ್ಗಿ ಕೇಳಿದ್ಕೆ ನಾನು ಇದ್ದದ್ ಇದ್ದಂಗೆ ಹೇಳ್ದೆ. ಸುಳ್ಳು ಹೇಳ್ಬೇಕಿತ್ತೇನ್ಲಾ?” ಇದಕ್ಕೆ ಉತ್ತರ ತಮ್ಮ ವರದಿಯ ಯಾವ ಪುಟದಲ್ಲಿದೆ ಮಾನ್ಯರೇ? ಈಗಲೂ ಸೋಮವಾರ ಬೆಳಿಗ್ಗೆ ಬುಟ್ಟಿ ತೊಳೆದು ಜಗಲಿಯ ಮೇಲೆ ಬೋರಲು ಹಾಕುತ್ತಾಳೆ. ಹೋಗುವುದಿಲ್ಲ. ದಾಸೋಹದ ಗಂಟೆ ಕೇಳಿದರೆ ಒಳಗೆ ಎದ್ದು ಹೋಗುತ್ತಾಳೆ.

ತಮ್ಮ ಕಚೇರಿಗೂ ಬಂದೆ. ನೆನಪಿದೆಯೇ? ನೆನಪಿರಲಾರದು, ತಾವು ತಲೆಯೆತ್ತಲಿಲ್ಲ. ಇದ್ದ ವಿಷಯವನ್ನೆಲ್ಲ ಹೇಳಿದೆ. ಸೊಪ್ಪು ಎಂದರೆ ಬಸ್ಸಾರಿನ ಸೊಪ್ಪು ಸಾರ್ ಎಂದೆ. ತಾವು ಫೈಲಿನ ಕಡೆ ನೋಡುತ್ತಲೇ ಅಂದಿರಿ: “ಎಲ್ಲಾ ಮನೆಯವ್ರೂ ಹೀಗೇ ಹೇಳ್ತಾರೆ ಕಣಪ್ಪ. ಡಿನೈಯಲ್ ಅಂತಾರೆ ಅದಕ್ಕೆ. ಅದೂ ಒಂದು ಲಕ್ಷಣ.” ಆಮೇಲೆ, “ಡೇಟಾ ಡೆಲ್ಲಿಗೆ ಹೋಗಿದೆ, ಈಗ ಯಾರೂ ಮುಟ್ಟೋಕಾಗಲ್ಲ” ಎಂದಿರಿ. ಹೌದು ಅಂದರೂ ವ್ಯಸನಿ, ಅಲ್ಲ ಅಂದರೂ ವ್ಯಸನಿ. ಇಂಥ ಪರಿಪೂರ್ಣ ಶಾಸ್ತ್ರವನ್ನು ಒಬ್ಬರ ಕೈಯಲ್ಲೇ ಬಿಟ್ಟರೆ ಅನ್ಯಾಯವೆಂದು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದೆ.

ತಮ್ಮ ಸಂದರ್ಶನದ ಕೊನೆಯ ಸಾಲು ನನ್ನ ಕೈ ಹಿಡಿಯಿತು: ‘ಗುಬ್ಬಿಯಲ್ಲಿರುವ ನನ್ನ ತಾಯಿಯ ಕೈಯೂಟವೇ ನನ್ನ ಶಕ್ತಿ.’ ಕಳೆದ ಶನಿವಾರ ಗುಬ್ಬಿ ಬಸ್ಸು ಹತ್ತಿದೆ. ಕಾಲೇಜು ಹಬ್ಬದಲ್ಲಿ ಕೊಟ್ಟಿದ್ದ ‘ಸ್ವಯಂಸೇವಕ’ ಎಂಬ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡಿದ್ದೆ. ತಾವು ಊರಿಗೇ ಹೆಮ್ಮೆಯಾದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ; ಮೊದಲ ಆಟೋದವರೇ ತೋರಿಸಿದರು. ತಮ್ಮ ಮಾತೃಶ್ರೀಯವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದರು. ಮೊರದ ತುಂಬ ಏನಿತ್ತೆಂದು ಊಹಿಸಿ ನೋಡೋಣ. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ. ಸಮೀಕ್ಷೆ ಮಾಡ್ತಿದೀನಮ್ಮ ಎಂದೆ, ಮಾಡುತ್ತಿದ್ದೆ. ತಮ್ಮ ಪ್ರಶ್ನೆಗಳನ್ನೇ, ತಮ್ಮ ಪದದಲ್ಲೇ ಕೇಳಿದೆ.

“ಅಮ್ಮಾ, ಮನೇಲಿ ಸೊಪ್ಪು ಬಳಸ್ತೀರಾ?”

“ಕಣ್ಣಿಗೆ ಕಾಣ್ತಿಲ್ವೇನಪ್ಪ? ಕೂತ್ಕೋ ಬಾ.”

“ನಿಮ್ಮ ಮಗ?”

“ಅವ್ನಿಗೋಸ್ಕರಾನೇ ಇದು. ಸಣ್ಣೋನಿದ್ದಾಗ್ಲಿಂದ ಸೊಪ್ಪಿನ ಹುಚ್ಚು. ಸೊಪ್ಪಿಲ್ಲ ಅಂದ್ರೆ ತಟ್ಟೆ ತಳ್ಬಿಟ್ಟು ಎದ್ದೋಗ್ತಾನೆ, ಮನೆಯೋರ ಮೇಲೆಲ್ಲ ಹಾರಾಡ್ತಾನೆ. ತುಮಕೂರ್ಗೂ ಡಬ್ಬಿ ತುಂಬಿಸ್ಕೊಂಡು ಹೋಗ್ತಾನೆ. ಆಫೀಸಲ್ಲಿ ಎಲ್ರಿಗೂ ಹಂಚ್ತಾನಂತೆ ಕಣಪ್ಪ, ದೊಡ್ಡ ಮನಸ್ಸು.”

ನಾನು ಮುಖದಲ್ಲಿ ಭಾವ ತೋರಿಸಲಿಲ್ಲ. ಫಲಿತಾಂಶವನ್ನು ತಮ್ಮ ವಿಧಾನದಂತೆಯೇ ಸಾರ್ವಜನಿಕರ ಮುಂದಿಡುತ್ತಿದ್ದೇನೆ. ಅಂದಾಜು ವಿಭಾಗದ ಮುಖ್ಯಸ್ಥರು ಬಾಲ್ಯದಿಂದಲೇ ಆರಂಭಿಸಿದ ಬಳಕೆದಾರರು. ಸಿಗದಿದ್ದಾಗ ಉದ್ರೇಕ, ಆಕ್ರೋಶ. ಇದು ತೀವ್ರ ಅವಲಂಬನೆ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಡಬ್ಬಿಯಲ್ಲಿ ಸಾಗಣೆ. ಸರ್ಕಾರಿ ಕಚೇರಿಯೊಳಗೇ ವಿತರಣೆ. ಮಾದರಿಗೆ ಸಿಕ್ಕ ಅಧಿಕಾರಿ ಒಬ್ಬರು, ಬಳಸುವವರು ಒಬ್ಬರು. ತೂಕ ಕೊಟ್ಟರೆ ಜಿಲ್ಲೆಯ ಅಧಿಕಾರಿಗಳಲ್ಲಿ ನೂರಕ್ಕೆ ನೂರು. ಇದು ಸುಳ್ಳು ಎಂದು ತಾವು ಚೀರಬಹುದು. ಚೀರಿ. ಅದಕ್ಕೆ ಏನನ್ನುತ್ತಾರೆಂದು ತಾವೇ ನನಗೆ ಕಲಿಸಿಕೊಟ್ಟಿದ್ದೀರಿ. ಈ ಫಲಿತಾಂಶದ ಪ್ರತಿಯನ್ನು ತಮ್ಮ ಮೇಲಿನವರಿಗೆ, ತಮಗೆ ಶಾಲು ಹೊದಿಸಿದವರಿಗೆ, ಗುಬ್ಬಿಯ ಆಟೋ ನಿಲ್ದಾಣಕ್ಕೆ ಕಳಿಸಿದ್ದೇನೆ. ವ್ಯಸನಮುಕ್ತಿ ವ್ಯಾನಿಗೂ ತಮ್ಮ ಹೆಸರು ಕೊಟ್ಟಿದ್ದೇನೆ. ವಯೋಮಾನ ಟಾರ್ಗೆಟ್‌ನಲ್ಲಿ ಇಲ್ಲ ಅಂದರು, ವಿಶೇಷ ಪ್ರಕರಣವೆಂದು ಪಟ್ಟು ಹಿಡಿದಿದ್ದೇನೆ.

ಅಂದು ಗುಬ್ಬಿಯಲ್ಲಿ ಆ ಪ್ರಶ್ನೆಗಳಿಗೇ ಮುಗಿಸಿ ಬಸ್ಸು ಹತ್ತುವ ಯೋಚನೆಯಿತ್ತು. ಅಷ್ಟರಲ್ಲಿ ತಮ್ಮ ತಾಯಿ ಒಳಗಿಂದ ಮಜ್ಜಿಗೆ ತಂದುಕೊಟ್ಟು, “ಯಾವ ಊರಪ್ಪ ನಿಂದು” ಎಂದರು. ಊರು ಹೇಳಿದೆ. ಅಜ್ಜಿಯ ವಿಷಯ ಹೇಳಿದೆ. ಹಿತ್ತಲು, ಮಠದ ಬಾಗಿಲು, ಕೊತ್ತಂಬರಿ ಕಟ್ಟು, ಒಂದನ್ನೂ ಬಿಡಲಿಲ್ಲ. ಅವರ ಕೈ ಮೊರದ ಮೇಲೆ ನಿಂತುಹೋಯಿತು.

“ಏನ್ಲಾ ಹೇಳ್ತಿದೀಯ? ಇದೇ ಸೊಪ್ಪಿಗಾ? ನನ್ನ ಮಗನಾ?”

“ಹೂಂ ಅಮ್ಮ.”

ತಮಗೆ ಫೋನು ಹಚ್ಚಿಸಿದರು. ತಾವು “ಮೀಟಿಂಗಲ್ಲಿದೀನಮ್ಮ” ಎಂದು ಕತ್ತರಿಸಿದಿರಿ. ಆ ಒಂದು ತಪ್ಪನ್ನು ಮಾಡಬಾರದಿತ್ತು. ಅವರು ಎದ್ದರು, ಸೋಸಿಟ್ಟ ಸೊಪ್ಪನ್ನು ಮೊರದ ಸಮೇತ ಎತ್ತಿಕೊಂಡು ಹೋಗಿ ಎದುರುಮನೆಯ ಹಸುವಿನ ಮುಂದೆ ಸುರಿದರು. ತಿರುಗಿ ಬಂದು ಸೆರಗು ಸಿಕ್ಕಿಸಿಕೊಂಡು ಅಂದರು: “ನಾಳೆ ಬರ್ತಾನಲ್ಲ, ಬರ್ಲಿ. ಹಪ್ಪಳ ಸುಟ್ಟಾಕ್ತೀನಿ, ನೀರು ಮಜ್ಜಿಗೆ ಬಿಡ್ತೀನಿ. ಆ ಯಮ್ಮನ ಬುಟ್ಟಿ ಮಠದೊಳಕ್ಕೆ ಹೋಗೋ ಗಂಟ ಈ ಮನೇಲಿ ಸೊಪ್ಪು ಬೇಯಲ್ಲ. ಹಿಂಗಂದ್ಲು ಅಂತ ಅವ್ನಿಗೆ ನೀನೇ ಬರಿ. ನಾನಂತೂ ಬಾಯಿಬಿಟ್ಟು ಹೇಳಲ್ಲ, ತಟ್ಟೆ ನೋಡ್ಕೊಂಡು ಒದ್ದಾಡ್ಲಿ.”

ಅಪ್ಪಣೆಯಂತೆ ಬರೆದಿದ್ದೇನೆ. ಕಳೆದ ಭಾನುವಾರ ತಾವು ಸುಟ್ಟ ಹಪ್ಪಳದ ಮುಂದೆ ಕೂತು, ಅಮ್ಮನಿಗೆ ಮೈ ಹುಷಾರಿಲ್ಲವೋ, ಸಂತೆಯಲ್ಲಿ ಸೊಪ್ಪು ಬಂದಿಲ್ಲವೋ ಎಂದು ತಲೆಕೆಡಿಸಿಕೊಂಡಿರಬೇಕು. ಅವರು ಹುಷಾರಾಗಿದ್ದಾರೆ. ಸೊಪ್ಪೂ ಬಂದಿತ್ತು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಅಜ್ಜಿಯರ ಅಧ್ಯಾಯವನ್ನು ವರದಿಯಿಂದ ತೆಗೆದು, ಯಾಕೆ ತೆಗೆದಿರೆಂಬುದನ್ನು ಸಂದರ್ಶನ ಬಂದ ಪತ್ರಿಕೆಯಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸತಕ್ಕದ್ದು. ಡೆಲ್ಲಿಗೆ ಹೋದದ್ದನ್ನು ಹೋದ ದಾರಿಯಲ್ಲೇ ವಾಪಸು ತರಿಸತಕ್ಕದ್ದು. ವ್ಯಾನನ್ನು ಆ ಅಳುವ ತಾಯಿಯ ಮನೆಯ ಮುಂದೆ ನಿಲ್ಲಿಸತಕ್ಕದ್ದು. ಕೊನೆಯದಾಗಿ, ಒಂದು ಸೋಮವಾರ ತಾವು ಖುದ್ದಾಗಿ ನಮ್ಮೂರಿಗೆ ಬಂದು, ಬುಟ್ಟಿಯನ್ನು ತಮ್ಮ ತಲೆಯ ಮೇಲೆ ಹೊತ್ತು, ಅಜ್ಜಿಯ ಹಿಂದೆ ನಡೆದು, ಪಂಕ್ತಿಯಲ್ಲಿ ಕೂತ ಅಷ್ಟೂ ಜನರ ಮುಂದೆ ಚನ್ನಬಸವಯ್ಯನವರಿಗೆ ಬಾಯಿಬಿಟ್ಟು ಹೇಳತಕ್ಕದ್ದು: ‘ಇದು ಸೊಪ್ಪು. ತಪ್ಪು ನನ್ನದು.’ ಗಡುವು ನಾನು ಕೊಡುವುದಿಲ್ಲ. ಗುಬ್ಬಿಯ ಒಲೆ ತಮ್ಮ ಅಮ್ಮನ ಕೈಯಲ್ಲಿದೆ, ಅವರ ಹಠ ಎಷ್ಟು ಭಾನುವಾರ ತಡೆಯುತ್ತದೆಂದು ತಾವೇ ಅಂದಾಜು ಮಾಡಿಕೊಳ್ಳಿ.

ಇಂತಿ,
ಕಿತ್ತುಹಾಕಿದ ಹಿತ್ತಲಿನ ದೆಸೆಯಿಂದ ತಾನೂ ಬಸ್ಸಾರಿನ ಮುಖ ಕಾಣದೆ,
ಬರೀ ಗೊಡ್ಡುಸಾರಿನಲ್ಲಿ ಮುದ್ದೆ ನುಂಗುತ್ತಿರುವ,
ಬಸವಪ್ರಭು
ಸರ್ವಮಂಗಳಮ್ಮನವರ ಮೊಮ್ಮಗ, ಸದ್ಯ ತುಮಕೂರು